ಸ್ವಾತಿ ಮಳೆಯಲ್ಲಿ ಧೂಮಕೇತು

ಸಕಲೇಶಪುರದ ಬೆಟ್ಟಗಳಿಗೆ ಜನರು ಹಸುರನ್ನು ನೋಡಲು ಹೋಗುತ್ತಾರೆ. ನಾವು ಹೋದುದು ಕತ್ತಲೆಯನ್ನು ಅರಸಿ. 2025ರ ದೀಪಾವಳಿ ಕಳೆದ ವಾರವದು. ಅದೇ ವರ್ಷದ ಜನವರಿಯಲ್ಲಿ ಅಮೆರಿಕೆಯ ಲೆಮ್ಮನ್ ಬೆಟ್ಟದಿಂದ ಪತ್ತೆಯಾದ ಧೂಮಕೇತು ಅಕ್ಟೋಬರ್ 21ರಂದು ಭೂಮಿಗೆ ಸುಮಾರು 9 ಕೋಟಿ ಕಿಲೋಮೀಟರುಗಳಷ್ಟು ಸಮೀಪ ಬಂದು, ಸಂಜೆಯ ಪಡುವಣದಲ್ಲಿ ತೋರುತ್ತಿತ್ತು. ಮತ್ತೆ ಅದು ಇತ್ತ ಸುಳಿಯುವುದು ಸಾವಿರ ವರುಷಗಳಾಚೆಗೆ.

ಹಟ ಹಿಡಿದವರು ನನ್ನ ತಂದೆಯವರು. 1965ರ ಅಕ್ಟೋಬರ್ ಕೊನೆಯಲ್ಲಿ, ಆಲೂರಿನ ಬಳಿಯ ನಮ್ಮ ಹಳ್ಳಿಮನೆಯ ಅಂಗಳದಿಂದ, ಹದಿನಾಲ್ಕರ ಹುಡುಗನಾಗಿ ಅವರು ಇಕೆಯ-ಸೆಕಿ ಧೂಮಕೇತುವನ್ನು ಕಂಡಿದ್ದರು. ನಸುಕಿನ ಮೂಡಣದಲ್ಲಿ ಎದ್ದು ನಿಂತ ಪೊರಕೆಯಂಥ ಬಾಲ! ಪಾಕಿಸ್ತಾನದೊಡನೆ ಯುದ್ಧ ನಿಂತು ತಿಂಗಳಾಗಿತ್ತಷ್ಟೆ. ಕೇಡಿನ ಕುರುಹೆಂದು ಹೆದರಿದ ಅಜ್ಜಿ ಮಗನ ಕಣ್ಣು ಮುಚ್ಚಿ ಒಳಗೆಳೆದುಕೊಂಡರಂತೆ. ಮರುಜನವರಿಯಲ್ಲಿ ಶಾಸ್ತ್ರಿಯವರು ತೀರಿಕೊಂಡಾಗ, “ನಾನು ಹೇಳಲಿಲ್ಲವೆ?” ಎಂದರಂತೆ. ಅರೆನೋಟವನ್ನು ಪೂರ್ತಿ ಮಾಡಿಕೊಳ್ಳುವ ಆಸೆ ತಂದೆಯವರಿಗೆ ಅರುವತ್ತು ವರ್ಷಗಳಿಂದ ಉಳಿದಿತ್ತು. ಈಗ ಒಂದು ಕಣ್ಣು ಪೂರ್ತಿ ಮಂಜು, ಇನ್ನೊಂದರದು ಅಷ್ಟಕ್ಕಷ್ಟೆ.

ಮೊದಲ ಸಂಜೆ ಮಂಜರಾಬಾದ್ ಕೋಟೆಯ ಸಮೀಪದ ದಿಣ್ಣೆಯಲ್ಲಿ ನಿಂತೆವು. 1792ರಲ್ಲಿ ಟಿಪ್ಪು ಮುಗಿಸಿದ ಈ ಕೋಟೆಯೇ ಎಂಟು ಮೂಲೆಯ ನಕ್ಷತ್ರದಂತಿದೆ. ನಮಗೆ ಕಂಡ ನಕ್ಷತ್ರ ಅದೊಂದೇ. ಕಡಲಿನ ತೇವದ ಗಾಳಿ ಘಟ್ಟವನ್ನೇರುತ್ತ ತಣಿದು, ನೋಡನೋಡುತ್ತ ಮಂಜಾಗಿ ಕಣಿವೆಯನ್ನು ತುಂಬಿತು. ಬಳಿಕ ಹನಿಯೂ ಬಿತ್ತು. ಪಂಚಾಂಗದಂತೆ ಅದು ಸ್ವಾತಿ ಮಳೆ. ಸೂರ್ಯನು ಸ್ವಾತಿಯಲ್ಲಿದ್ದಾನೆಂಬುದೇ ಆ ಹೆಸರಿನ ಅರ್ಥ. ಆದುದರಿಂದ ಸ್ವಾತಿ ನಕ್ಷತ್ರವೂ ಅವನ ಬೆನ್ನಿಗೇ ಮುಳುಗುತ್ತದೆ. ನಾವು ಹುಡುಕುತ್ತಿದ್ದ ಧೂಮಕೇತು ಇದ್ದುದು ಅದರ ಮೇಲ್ಗಡೆಯೇ! ಕಾಯುವುದು ವ್ಯರ್ಥವೆಂದು ಹಿಂದಿರುಗಿದೆವು.

ಮಳೆ ಮೂಡಣಕ್ಕೆ ಹೋದಂತೆ ಕಡಿಮೆಯಾಗುವ ಸೀಮೆಯಿದು. ಮರುದಿನ ಆಲೂರಿನ ಕಡೆಯ ಬೋಳುಗುಡ್ಡವೊಂದನ್ನು ತಂದೆಯವರ ಕೈಹಿಡಿದು ನಿಧಾನವಾಗಿ ಹತ್ತಿದೆವು. ಏಳು ಗಂಟೆಯ ಹೊತ್ತಿಗೆ ಮೋಡ ಬಿರಿಯಿತು. ಬರಿಗಣ್ಣಿಗೆ ಒರೆಸಿಬಿಟ್ಟ ಸುಣ್ಣದ ಗೆರೆ. ದುರ್ಬೀನಿನಲ್ಲಿ ಹಸುರು ಛಾಯೆಯ ತಲೆ, ಮೇಲಕ್ಕೆ ಚಾಚಿದ ಬಾಲ. ಪತ್ರಿಕೆಗಳ ಚಿತ್ರಗಳನ್ನು ನೋಡಿ ಹೊರಟವರಿಗೆ ನಿರಾಶೆಯೇ ಆದೀತು. ದುರ್ಬೀನನ್ನು ತಂದೆಯವರ ಕೈಗಿತ್ತೆ. ಬಹಳ ಹೊತ್ತು ನೋಡಿ, “ಕಂಡಿತು” ಎಂದರು. ಅದು ನೈಋತ್ಯದ ಎಳೆಚಂದ್ರನತ್ತ ತಿರುಗಿದ್ದುದನ್ನು ಮಗಳೂ ನಾನೂ ಗಮನಿಸಿದೆವು, ಮಾತನಾಡಲಿಲ್ಲ.

ಚಂದ್ರನು ಮುಳುಗಿದ ಮೇಲೆ ಮಗಳು ಶನಿಗ್ರಹದ ದಕ್ಷಿಣಕ್ಕೆ, ತಿಮಿಂಗಿಲ ನಕ್ಷತ್ರಪುಂಜದಲ್ಲಿ, ಸಿರೀಸ್ ಎಂಬ ಕಿರುಗ್ರಹವನ್ನು ಹುಡುಕತೊಡಗಿದಳು. ಸುಮಾರು 940 ಕಿಲೋಮೀಟರ್ ಅಡ್ಡಳತೆಯಿದ್ದರೂ ಬರಿಗಣ್ಣಿಗೆ ಅದು ಕಾಣದು. ದುರ್ಬೀನಿನಲ್ಲೂ ಒಂದು ಚುಕ್ಕೆ, ನೆರೆಯ ನಕ್ಷತ್ರಗಳಿಗಿಂತ ಬೇರೆಯಲ್ಲ. ಚಲನೆಯೊಂದೇ ಗುರುತು. 1801ರ ಜನವರಿ 1ರಂದು ಅದನ್ನು ಮೊದಲು ಕಂಡ ಪಲೆರ್ಮೊದ ಪಿಯಾಝಿಯವರು ಧೂಮಕೇತುವೆಂದೇ ಪ್ರಕಟಿಸಿದ್ದರು. ಸೂರ್ಯನ ಪ್ರಭೆಯಲ್ಲಿ ಕಳೆದುಹೋದ ಅದನ್ನು ವರ್ಷಾಂತ್ಯದಲ್ಲಿ ಮರಳಿ ದೊರಕಿಸಿದುದು ತರುಣ ಗೌಸನ ಲೆಕ್ಕ. ಮಗಳು ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಕಂಡ ಚುಕ್ಕೆಗಳನ್ನೆಲ್ಲ ಹಾಳೆಯ ಮೇಲೆ ಗುರುತಿಸಿದಳು. ಮುಂದಿನ ಎರಡು ರಾತ್ರಿ ಮೋಡ. ಮೂರನೆಯ ರಾತ್ರಿ ಮತ್ತೆ ಬರೆದಳು.

ಬೆಳಿಗ್ಗೆ ಹಳ್ಳಿಮನೆಯ ಜಗಲಿಯ ಬಿಸಿಲಿನಲ್ಲಿ ತಂದೆಯವರು ಎರಡೂ ಹಾಳೆಗಳನ್ನು ಭೂತಗನ್ನಡಿಯ ಕೆಳಗೆ ಹಿಡಿದರು. ಉಳಿದ ಚುಕ್ಕೆಗಳು ಇದ್ದಲ್ಲೇ ಇದ್ದವು. ಒಂದು ಮಾತ್ರ ಸರಿದಿತ್ತು. ಯಾರೂ ತೋರಿಸದೆ ಅದರ ಮೇಲೆ ಬೆರಳಿಟ್ಟರು. ಆಮೇಲೆ, ವೇಳೆಯನ್ನು ಬರೆಯಲು ಮರೆತಿದ್ದಾಳೆಂದು ಮೊಮ್ಮಗಳನ್ನು ಗದರಿಸಿ, ಪೆನ್ನು ಕೇಳಿದರು.