ಸೂತ್ರವೂ ಸೂಜಿಯೂ

ಸಂಸ್ಕೃತದಲ್ಲಿ ಸೂತ್ರವೆಂದರೆ ನೂಲು. ಸೂತ್ರವೆಂದರೆ ನಿಯಮವೂ ಹೌದು. ಈ ಎರಡರ್ಥಗಳೂ ಒಂದೆಡೆ ಕೂಡುವುದನ್ನು ಕಾಣಬೇಕಾದರೆ, ಅಮೆರಿಕಾದ ಗೃಹಸ್ಥರು ಕ್ವಿಲ್ಟ್ ಹೊಲಿಯುವ ಯಂತ್ರವನ್ನು ತಮ್ಮ ಮನೆಯಲ್ಲಿಯೇ ಗಣಕದ ಅಧೀನಕ್ಕೆ ತರುವ ಬಗೆಯನ್ನು ನೋಡಬೇಕು.

ಕ್ವಿಲ್ಟ್ ಎಂಬುದು ಉತ್ತರ ಕರ್ನಾಟಕದ ಹೆಂಗಸರು ಹಳೆಯ ಸೀರೆಗಳನ್ನು ಹಾಸಿ ಹೊಲಿಯುವ ಕೌದಿಯ ದಾಯಾದಿ. ಮೇಲೆ ತುಂಡುಬಟ್ಟೆಗಳನ್ನು ಕೂಡಿಸಿದ ಹೊದಿಕೆ, ನಡುವೆ ಹತ್ತಿಯ ಪದರ, ಕೆಳಗೆ ಅಸ್ತರು. ಇವನ್ನು ಉರುಳೆಗಳ ನಡುವೆ ಬಿಗಿದು, ನೀಳವಾದ ತೋಳುಳ್ಳ ಯಂತ್ರವನ್ನು ಗಾಲಿಗಳ ಮೇಲೆ ಓಡಿಸುವರು. ಬಟ್ಟೆ ನಿಂತಿರುವುದು, ಸೂಜಿ ಸಂಚರಿಸುವುದು.

ಹಿಡಿಯನ್ನು ನಡೆಸುತ್ತಿದ್ದ ಕೈಗೆ ಬದಲಾಗಿ ಉದ್ದಕ್ಕೊಂದು, ಅಗಲಕ್ಕೊಂದು ಮೋಟಾರನ್ನು ಹೂಡುವುದೇ ಈ ಪರಿವರ್ತನೆಯ ಸಾರ. ಸ್ಟೆಪರ್ ಮೋಟಾರು ಸಾಮಾನ್ಯವಾಗಿ 200 ಹೆಜ್ಜೆಗಳಲ್ಲಿ ಒಂದು ಸುತ್ತನ್ನು ಮುಗಿಸುವುದು. ಅದರ 20 ಹಲ್ಲಿನ ಚಕ್ರಕ್ಕೆ 2 ಮಿಲಿಮೀಟರ್ ಅಂತರದ ಹಲ್ಲುಗಳುಳ್ಳ ಬೆಲ್ಟನ್ನು ತೊಡಿಸಿದರೆ, ಸುತ್ತಿಗೆ 40 ಮಿಲಿಮೀಟರ್, ಹೆಜ್ಜೆಗೆ 0.2 ಮಿಲಿಮೀಟರ್ ಚಲನೆಯಾಯಿತು. ಅಂಗುಲಕ್ಕೆ 10 ಹೊಲಿಗೆ ಬೇಕಾದರೆ ಪ್ರತಿ 2.54 ಮಿಲಿಮೀಟರಿಗೊಮ್ಮೆ ಸೂಜಿ ಇಳಿಯಬೇಕು. ತಿರುವಿನಲ್ಲಿ ಗಾಲಿಯ ವೇಗ ಕುಗ್ಗಿದಾಗ ಸೂಜಿಯೂ ನಿಧಾನಿಸಬೇಕು. ಇಲ್ಲವಾದರೆ ಹೊಲಿಗೆಗಳು ಒತ್ತೊತ್ತಾಗಿ ಬೀಳುವುವು.

ಯಂತ್ರಕ್ಕೆ ಹೀಗೆ ಆಜ್ಞೆಯನ್ನು ಬರೆದುಕೊಡುವ ವಿದ್ಯೆ ಹೊಸದೇನಲ್ಲ. ಫ್ರಾನ್ಸಿನ ಜಕಾರ್ಡನು 1804ರ ಸುಮಾರಿಗೆ ರಂಧ್ರಪಟ್ಟಿಗಳಿಂದ ಮಗ್ಗವನ್ನು ಆಳಿದನು. 1952ರಲ್ಲಿ ಅಮೆರಿಕಾದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯವರು ಲೋಹ ಕೊರೆಯುವ ಯಂತ್ರವನ್ನು ಅಂಕಿಗಳಿಂದ ನಡೆಸಿ ತೋರಿಸಿದರು. ಅಂದು ಕಾರ್ಖಾನೆಯ ಸೊತ್ತಾಗಿದ್ದುದು ಇಂದು ಅಂಗೈಯಗಲದ ಫಲಕದಲ್ಲಿ ಅಡಗಿ ಮನೆಯನ್ನು ಹೊಕ್ಕಿದೆ.

ಆದರೆ ಸ್ಟೆಪರ್ ಮೋಟಾರು ವಿಧೇಯವೇ ಹೊರತು ವಿವೇಕಿಯಲ್ಲ. ಗಾಲಿಗೆ ನೂಲಿನ ತೊಡಕೊಂದು ಸಿಕ್ಕಿ ಹೆಜ್ಜೆ ತಪ್ಪಿದರೂ ಗಣಕವು ತನ್ನ ಲೆಕ್ಕವನ್ನು ಮುಂದುವರಿಸುತ್ತಲೇ ಇರುವುದು. ತಿಂಗಳುಗಟ್ಟಲೆ ಕೂಡಿಸಿದ ಹೊದಿಕೆಯ ಮೇಲೆ ಬಳ್ಳಿಯೊಂದು ಹೂವಿನಿಂದ ಕದಲಿ ಓಡುವುದು. ಬಿಚ್ಚಿದರೂ ಸೂಜಿಯ ಗುರುತು ಉಳಿಯುವುದುಂಟು. ಆದುದರಿಂದ ಬಲ್ಲವರು ಯಂತ್ರವಿರುವ ಸ್ಥಾನವನ್ನು ಅಳೆದು ಗಣಕಕ್ಕೆ ತಿಳಿಸುವ ಎನ್‌ಕೋಡರ್ ಎಂಬ ಮಾಪಕವನ್ನು ಜೋಡಿಸುವರು. ಮೊದಲು ಚಿಂದಿಬಟ್ಟೆಯ ಮೇಲೆ ಪರೀಕ್ಷಿಸುವರು. ಯಂತ್ರವನ್ನು ಒಡನೆಯೇ ನಿಲ್ಲಿಸುವ ಗುಂಡಿಯನ್ನು ಕೈಗೆಟಕುವಲ್ಲಿ ಇರಿಸುವರು.

ಹೊಲಿಯುವ ಕೈ ತಡೆಯುಂಟಾದೊಡನೆ ತಾನೇ ಅರಿತು ನಿಲ್ಲುತ್ತಿತ್ತು. ಚಲನೆಯನ್ನು ಯಂತ್ರಕ್ಕೊಪ್ಪಿಸುವುದು ಸುಲಭ. ಆ ಅರಿವನ್ನೂ ಒಪ್ಪಿಸುವ ತನಕ ಕೆಲಸ ಅರ್ಧವೇ ಸರಿ. ಅಲ್ಲಿಯವರೆಗೆ ಕೈ ವಿರಮಿಸಬಹುದು, ಕಣ್ಣು ವಿರಮಿಸಲಾಗದು.