ಹೆಪ್ಪಿಗೊಂದು ಚಮಚ

ಮೊಸರಿನ ಪಾತ್ರೆ ಬರಿದಾಗುವ ಮುಂಚೆ ಹೆಪ್ಪಿಗೆಂದು ಒಂದು ಚಮಚ ಎತ್ತಿಡುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಗೆ ಎಷ್ಟೇ ನೆಂಟರು ಬಂದಿರಲಿ, ಮಕ್ಕಳು "ಇನ್ನೂ ಹಾಕಮ್ಮಾ" ಅಂತ ತಟ್ಟೆ ಒಡ್ಡಲಿ, ಆ ಒಂದು ಚಮಚವನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಇಷ್ಟು ಜಾಣತನವಿರುವ ನಾನು ಕಥೆಯ ವಿಷಯದಲ್ಲಿ ಎಂಥ ಪೆದ್ದಿಯಾದೆ ನೋಡಿ.

ನನಗೆ ಮೊದಲಿನಿಂದಲೂ ಬರೆಯುವ ಹುಚ್ಚು. ಹುಚ್ಚೇನೋ ಸರಿ, ಪುರುಸೊತ್ತು ಎಲ್ಲಿ? ಸಾರಿಗೆ ಒಗ್ಗರಣೆ ಹಾಕುವಾಗ ಒಂದು ಕಥೆ ಹೊಳೆಯುತ್ತೆ, ಬಟ್ಟೆ ಹರವುವಾಗ ಅದರ ಕೊನೆ ಹೊಳೆಯುತ್ತೆ. ರಾತ್ರಿ ಎಲ್ಲರ ಊಟವಾಗಿ, ಅಡುಗೆಮನೆ ಒರೆಸಿ ಕೂರುವ ಹೊತ್ತಿಗೆ ಕಥೆಯೂ ಇಲ್ಲ, ಕೊನೆಯೂ ಇಲ್ಲ, ಬರೀ ಆಕಳಿಕೆ! ಅದಕ್ಕೇ ಹೊಳೆದದ್ದನ್ನು ಸಿಕ್ಕಿದ ಕಡೆ ಗೀಚಿಡುತ್ತಿದ್ದೆ. ದಿನಸಿ ಚೀಟಿಯ ಹಿಂದೆ, ಲಗ್ನಪತ್ರಿಕೆಯ ಅಂಚಿನಲ್ಲಿ, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ. "ಇದೇನೇ, ಅರ್ಧ ಲೀಟರ್ ಹಾಲು, ಅಳುವ ಮದುಮಗಳು ಅಂತ ಬರೆದಿದ್ದೀಯ? ಹಾಲಿನವನಿಗೆ ಎಷ್ಟು ಕೊಡಲಿ?" ಅಂತ ನಮ್ಮವರು ಗೇಲಿ ಮಾಡಿದ್ದೂ ಉಂಟು.

ಒಂದು ವರ್ಷ ಮಾಗಿಯಲ್ಲಿ ನಾನೂ ನಮ್ಮತ್ತೆಯೂ ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಅತ್ತೆಯದು ಬಹಳ ಕಡಿಮೆ ಮಾತು. ಅವತ್ತು ಅವರೆಯ ಸೊಗಡಿಗೋ ಏನೋ, ತಮ್ಮ ತವರಿನ ಒಂದು ಸಂಗತಿ ಹೇಳತೊಡಗಿದರು. ಅರ್ಧ ಗಂಟೆ ಹೇಳಿದರು. ನಡುವೆ ಒಮ್ಮೆ ನಕ್ಕರು, ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಇದನ್ನು ಬಿಡಬಾರದು ಅನ್ನಿಸಿ, ಎದ್ದು ಹೋಗಿ ಕ್ಯಾಲೆಂಡರಿನಲ್ಲಿ ಮೂರು ಪದ ಬರೆದೆ: ಅತ್ತೆ, ಬಳೆಗಾರ, ಬಾವಿ. ಅಷ್ಟು ಸಾಕು, ಮಿಕ್ಕಿದ್ದು ನೆನಪಿರುತ್ತೆ ಅಂದುಕೊಂಡೆ. ಹಿಸುಕಿದ ಬೇಳೆಗೆ ಕಾಳು ನೆನೆಹಾಕುವ ಆತುರ ಬೇರೆ.

ಆಮೇಲೆ ಮಗಳ ಮದುವೆ, ಮನೆ ರಿಪೇರಿ, ನಮ್ಮವರ ಆಪರೇಷನ್ನು. ನಾಲ್ಕು ವರ್ಷ ಹೋದದ್ದೇ ತಿಳಿಯಲಿಲ್ಲ. ಅಷ್ಟರಲ್ಲಿ ಅತ್ತೆ ತೀರಿಕೊಂಡರು. ಅವರ ವರ್ಷಾಬ್ದಿಕದ ಹಿಂದಿನ ದಿನ ಅಟ್ಟದ ಟ್ರಂಕಿನಲ್ಲಿ ಆ ಕ್ಯಾಲೆಂಡರ್ ಹಾಳೆ ಸಿಕ್ಕಿತು. ಮೂರು ಪದ ಹಾಗೇ ಇವೆ, ಕಥೆ ಇಲ್ಲ. ಬಳೆಗಾರನಿಗೂ ಬಾವಿಗೂ ಏನು ಸಂಬಂಧ? ಬಾವಿಗೆ ಬಿದ್ದದ್ದು ಬಳೆಯೋ, ಹುಡುಗಿಯೋ? ಅತ್ತೆ ನಕ್ಕದ್ದು ಯಾವುದಕ್ಕೆ, ಅತ್ತದ್ದು ಯಾವುದಕ್ಕೆ? ನಾದಿನಿಯನ್ನು ಕೇಳಿದೆ. "ಅಮ್ಮ ನನಗೆ ಅಂಥದ್ದೇನೂ ಹೇಳಲೇ ಇಲ್ವಲ್ಲ ಅತ್ತಿಗೆ" ಅಂದಳು. ಮಗಳಿಗೂ ಹೇಳದ್ದನ್ನು ಸೊಸೆಯ ಕೈಗೆ ಕೊಟ್ಟಿದ್ದರು. ನಾನು ಕಳೆದುಕೊಂಡು ಕೂತಿದ್ದೆ.

ತಡ ಮಾಡಿದ್ದೇ ತಪ್ಪು ಅಂತಲ್ಲ. ನಮ್ಮ ಎಂ. ಕೆ. ಇಂದಿರಾ ಅವರನ್ನೇ ನೋಡಿ. 1917ರಲ್ಲಿ ಹುಟ್ಟಿದ ಅವರ 'ತುಂಗಭದ್ರ' ಕಾದಂಬರಿ ಬಂದದ್ದು 1963ರಲ್ಲಿ, ವಯಸ್ಸು ನಲವತ್ತೈದು ದಾಟಿದ ಮೇಲೆ. 'ಫಣಿಯಮ್ಮ' ಬಂದದ್ದು 1976ರಲ್ಲಿ. ಅದು ಅವರು ಚಿಕ್ಕಂದಿನಲ್ಲಿ ಕಂಡಿದ್ದ ಒಬ್ಬ ಬಾಲವಿಧವೆಯ ಬಾಳಿನ ಕಥೆ. ಆಕೆ ಇವರ ತಾಯಿಯ ಹತ್ತಿರ ಹೇಳಿಕೊಂಡದ್ದು. ಅಷ್ಟು ವರ್ಷ ಒಳಗಿದ್ದರೂ ಕೆಡಲಿಲ್ಲ. ಆದರೆ ಅಂಥ ನೆನಪಿನ ಶಕ್ತಿ ನನಗೆಲ್ಲಿ ಬರಬೇಕು? ನನಗೆ ಕಾಗದವೇ ಗತಿ.

ಹಾಗಾಗಿ ಈಗ ನನ್ನ ಕ್ರಮ ಬೇರೆ. ಮೊಮ್ಮಗನ ಹಳೆಯ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಸೇರಿಸಿ ಹೊಲಿದು, ದಾರದಲ್ಲಿ ಒಂದು ಪೆನ್ಸಿಲ್ ಕಟ್ಟಿ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. ನೀರು ತಾಗಿದರೆ ಶಾಯಿ ಕದಡುತ್ತೆ, ಪೆನ್ಸಿಲ್ ಹಾಗಲ್ಲ. ಒಂದು ಸಂಗತಿಗೆ ಒಂದೇ ಪುಟ. ವಿಷಯ ಬರೆಯುವುದಿಲ್ಲ, ಕಿವಿಗೆ ಬಿದ್ದ ಮಾತನ್ನೇ ಬರೆಯುತ್ತೇನೆ. "ಜಿಪುಣ ಮಾವ" ಅಂತ ಬರೆದಿಟ್ಟರೆ ಆರು ತಿಂಗಳಿಗೆ ಅದು ಸತ್ತ ಮಾತು. "ಬೆಂಕಿಪೊಟ್ಟಣಕ್ಕೂ ಬೀಗ ಹಾಕ್ತಿದ್ರು ಕಣೇ" ಅಂತ ಬರೆದಿಟ್ಟರೆ ಮಾವ ಬೀಗದಕೈ ಸಮೇತ ಎದ್ದು ಬರುತ್ತಾರೆ! ಅದರ ಕೆಳಗೆ ಯಾರು ಹೇಳಿದರು, ಯಾವಾಗ, ನನಗೆ ಯಾಕೆ ಚುಚ್ಚಿತು ಅಂತ ಎರಡು ಸಾಲು. ಮುಂದೇನಾಯಿತೋ ತಿಳಿಯದಿದ್ದರೆ "ಮುಂದೆ?" ಅಂತ ಬರೆದು ಬಿಟ್ಟುಬಿಡುತ್ತೇನೆ.

ಆಷಾಢದಲ್ಲಿ ಮದುವೆ ಮುಂಜಿಗಳ ಓಡಾಟವಿರುವುದಿಲ್ಲ ನೋಡಿ, ಆಗ ಪುಸ್ತಕ ತೆಗೆದು ಮೊದಲಿನಿಂದ ಓದುತ್ತೇನೆ. ಕೆಲವು ಹುಳಿಯಾಗಿರುತ್ತವೆ, ಅಡ್ಡಗೆರೆ ಎಳೆಯುತ್ತೇನೆ. ಕೆಲವು ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತವೆ. ಹೋದ ಆಷಾಢದಲ್ಲಿ ಆ ಬೀಗದ ಮಾವನ ಕಥೆ ಮುಗಿಸಿದೆ.

ಈ ಮಾಗಿಯಲ್ಲಿ ಪಕ್ಕದ ಮನೆಯ ಅಜ್ಜಿ ಅವರೆಕಾಯಿ ಸುಲಿಯಲು ನಮ್ಮಲ್ಲಿಗೇ ಬಂದರು. ನಾಲ್ಕು ಕಾಯಿ ಸುಲಿದು, "ನನ್ನ ಮದುವೇಲಿ ಏನಾಯ್ತು ಗೊತ್ತೇನಮ್ಮ?" ಅಂತ ಶುರು ಮಾಡಿದರು.

"ಒಂದು ನಿಮಿಷ ತಡೀರಿ ಅಜ್ಜಿ" ಅಂದೆ. ಕೈ ಒರೆಸಿಕೊಂಡು ಕಿಟಕಿಯ ಹತ್ತಿರ ಹೋದೆ. ಕಾಳು ಆಮೇಲೆ ನೆನೆಹಾಕಿದರಾಯಿತು.