ಬೀದಿಯ ಕಂಬ, ಸದನದ ಲೆಕ್ಕ

ಇಂದ್ರಕೀಲವೆಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ಪಾಶುಪತಾಸ್ತ್ರಕ್ಕಾಗಿ ಅರ್ಜುನ ತಪಸ್ಸಿಗೆ ನಿಂತ ಬೆಟ್ಟ. ವಿಜಯವಾಡದವರು ಆ ಬೆಟ್ಟ ತಮ್ಮೂರಿನದೇ ಎನ್ನುತ್ತಾರೆ. ಕನಕದುರ್ಗೆಯ ಗುಡಿ ಇರುವುದು ಅದರ ಮೇಲೆಯೇ. ಉದ್ಯೋಗದ ನಿಮಿತ್ತ ಇಲ್ಲಿಗೆ ಬಂದು ನೆಲೆಸಿದ ನಮ್ಮಂಥ ಕೆಲವು ಕನ್ನಡ ಕುಟುಂಬಗಳಿಗೆ ಈ ಬೆಟ್ಟ ಇನ್ನೊಂದು ಕಾರಣದಿಂದಲೂ ಹತ್ತಿರದ್ದು. ಆಲಮಟ್ಟಿಯ 290 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರದಲ್ಲಿ ಯಂತ್ರಗಳನ್ನು ತಿರುಗಿಸಿ ಹೊರಟ ಕೃಷ್ಣೆ, ಶ್ರೀಶೈಲದಲ್ಲಿಯೂ ನಾಗಾರ್ಜುನಸಾಗರದಲ್ಲಿಯೂ ಅದೇ ದುಡಿಮೆ ದುಡಿದು, ಇಬ್ರಾಹಿಂಪಟ್ನಂನ ಉಷ್ಣ ವಿದ್ಯುತ್ ಸ್ಥಾವರಕ್ಕೆ ನೀರು ಕೊಟ್ಟು, ಈ ಬೆಟ್ಟದ ಬುಡದ ಪ್ರಕಾಶಂ ಬ್ಯಾರೇಜಿಗೆ ಬಂದು ನಿಲ್ಲುತ್ತಾಳೆ. ತವರಿನ ನದಿಯ ದುಡಿಮೆಯಲ್ಲಿ ನಮಗೂ ಒಂದು ಪಾಲುಂಟೆಂದು ನಾವು ಹೇಳಿಕೊಳ್ಳುವುದುಂಟು. ಆದರೂ ವಿದ್ಯುತ್ತಿನ ವಿಚಾರವನ್ನು ನಾವು ತುಸು ಸರಿಯಾಗಿ ಕಲಿತದ್ದು ಶಾಸಕರೊಬ್ಬರ ಮನೆಯ ಅಂಗಳದಲ್ಲಿ.

ಮೇ ತಿಂಗಳ ಬಿಸಿಲಿಗೆ ಈ ಊರು ಹೆಸರುವಾಸಿ. ಒಂದು ಬೇಸಿಗೆಯಲ್ಲಿ ಮನೆಮನೆಯ ಏಸಿಗಳು ಒಟ್ಟಿಗೆ ಓಡತೊಡಗಿ, ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಭಾರ ತಾಳದೆ ಸುಟ್ಟುಹೋಯಿತು. ಎರಡು ರಾತ್ರಿ ಮಹಡಿಯ ಮೇಲೆ ಮಲಗಿದ ನಂತರ ಅರ್ಜಿ ಹಿಡಿದು ಹೊರಟೆವು. ಅಂಗಳದಲ್ಲಿ ನಮಗಿಂತ ಮೊದಲೇ ಜನ ನೆರೆದಿದ್ದರು. ಒಬ್ಬರದು ವಾಲಿದ ಕಂಬ, ಇನ್ನೊಬ್ಬರದು ಮಾಳಿಗೆಗೆ ತಾಗುವ ತಂತಿ, ಮತ್ತೊಬ್ಬರದು ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದ ಮೀಟರು. 'ಎಮ್ಮೆಲ್ಲೆ ಗಾರು' ಒಂದೊಂದು ಕಾಗದವನ್ನೂ ಓದಿ ಸಹಾಯಕರ ಕೈಗೆ ದಾಟಿಸುತ್ತಿದ್ದರು.

ಕಾನೂನನ್ನು ತೆರೆದು ನೋಡಿದರೆ ಇವುಗಳಲ್ಲಿ ಯಾವುದೂ ಶಾಸಕರ ಕೆಲಸವಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 42ನೆಯ ಕಲಮು ಗ್ರಾಹಕರ ದೂರಿಗೆ ಪ್ರತ್ಯೇಕ ವೇದಿಕೆಯನ್ನೂ ಅದರ ಮೇಲೆ ಓಂಬುಡ್ಸ್‌ಮನ್ನರನ್ನೂ ವಿಧಿಸಿದೆ. ದರ ನಿಗದಿ ಮಾಡುವುದು ನಿಯಂತ್ರಣ ಆಯೋಗ. ಆದರೂ ಜನ ಶಾಸಕರ ಬಾಗಿಲಿಗೇ ಬರುತ್ತಾರೆ. ವೇದಿಕೆಗೆ ಮುಖವಿಲ್ಲ, ಶಾಸಕರಿಗೆ ಇದೆ. ಐದು ವರ್ಷಕ್ಕೊಮ್ಮೆ ಅವರೂ ನಮ್ಮ ಬಾಗಿಲಿಗೆ ಬರಬೇಕಲ್ಲ!

ಹಾಗಾದರೆ ವಿದ್ಯುತ್ತಿನಲ್ಲಿ ಶಾಸಕರ ನಿಜವಾದ ಕೆಲಸ ಯಾವುದು? ಈ ರಾಜ್ಯದ ಚರಿತ್ರೆಯೇ ಇದಕ್ಕೆ ಉತ್ತರ ಹೇಳುತ್ತದೆ. 1998ರ ಸುಧಾರಣಾ ಕಾಯ್ದೆಯ ಫಲವಾಗಿ ಅವಿಭಜಿತ ಆಂಧ್ರಪ್ರದೇಶದ ವಿದ್ಯುತ್ ಮಂಡಳಿ ಒಡೆದು ನಿಗಮಗಳಾಯಿತು. ದರದ ಅಧಿಕಾರ ಆಯೋಗದ ಪಾಲಾಯಿತು. ಕರ್ನಾಟಕವೂ 1999ರಲ್ಲಿ ಇದೇ ಹಾದಿ ಹಿಡಿಯಿತು. 2000ದಲ್ಲಿ ಇಲ್ಲಿ ದರ ಏರಿದಾಗ ಎಡಪಕ್ಷಗಳೂ ಕಾಂಗ್ರೆಸ್ಸೂ ಬೀದಿಗಿಳಿದವು. ಆಗಸ್ಟ್ 28ರಂದು ವಿಧಾನಸಭೆಯತ್ತ ಹೊರಟವರ ಮೇಲೆ ಹೈದರಾಬಾದಿನ ಬಷೀರ್‌ಬಾಗಿನಲ್ಲಿ ಪೊಲೀಸರು ಗುಂಡು ಹಾರಿಸಿದರು, ಪ್ರಾಣಗಳು ಹೋದವು. ಅಂದು ವಿರೋಧಪಕ್ಷದ ನಾಯಕರಾಗಿದ್ದ ಪುಲಿವೆಂದುಲದ ಶಾಸಕ ವೈ.ಎಸ್. ರಾಜಶೇಖರ ರೆಡ್ಡಿ 2004ರ ಮೇ 14ರಂದು ಮುಖ್ಯಮಂತ್ರಿಯಾದಾಗ ಮೊದಲ ಸಹಿ ಹಾಕಿದ್ದು ರೈತರ ಉಚಿತ ವಿದ್ಯುತ್ತಿನ ಕಡತಕ್ಕೆ.

ಹೀಗೆ ದರದ ರೂಪದಲ್ಲಿ ಸದನದಿಂದ ಹೊರಗೆ ಹೋದ ಪ್ರಶ್ನೆ ಸಹಾಯಧನದ ರೂಪದಲ್ಲಿ ಮರಳಿ ಬಂತು. ಯಾವುದೇ ವರ್ಗದ ಗ್ರಾಹಕರಿಗೆ ಸರ್ಕಾರ ರಿಯಾಯಿತಿ ಕೊಡಬಯಸಿದರೆ ಆ ಮೊತ್ತವನ್ನು ವಿತರಣಾ ನಿಗಮಕ್ಕೆ ಮುಂಗಡವಾಗಿ ಸಲ್ಲಿಸಬೇಕೆನ್ನುತ್ತದೆ 2003ರ ಕಾಯ್ದೆಯ 65ನೆಯ ಕಲಮು. ಆ ಹಣಕ್ಕೆ ಒಪ್ಪಿಗೆ ಕೊಡುವವರು ಶಾಸಕರು. ಹಣ ತಡವಾದರೆ ನಿಗಮ ಸಾಲ ಮಾಡುತ್ತದೆ, ಸಾಲಕ್ಕೆ ಬಡ್ಡಿ ಬೆಳೆಯುತ್ತದೆ, ಹಳೆಯ ತಂತಿ ಬದಲಿಸಬೇಕಾದ ಹಣ ಬಡ್ಡಿಗೆ ಸಲ್ಲುತ್ತದೆ. ಬೀದಿಯ ಕಂಬಕ್ಕೂ ಆಯವ್ಯಯದ ಒಂದು ಸಾಲಿಗೂ ಇರುವ ನಂಟು ಇದು. ಅಂಗಳದಲ್ಲಿ ಕಾಗದ ಹಿಡಿದು ನಿಂತವರಿಗೆ ಈ ನಂಟು ಕಾಣುವುದಿಲ್ಲ.

ತವರಿನಲ್ಲಿಯೂ ಸಂಗತಿ ಬೇರೆಯಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನೆಂಟರು ಸೊನ್ನೆ ಮೊತ್ತದ ಬಿಲ್ಲಿನ ಚಿತ್ರ ಕಳುಹಿಸಿ ನಮ್ಮನ್ನು ಛೇಡಿಸುತ್ತಾರೆ. ನಾವಿಲ್ಲಿ ನಮ್ಮ ಬಿಲ್ಲಿನ 'ಟ್ರೂ ಅಪ್' ಎಂಬ ಬಾಬ್ತನ್ನು ಅರ್ಥಮಾಡಿಕೊಳ್ಳಲು ಹೆಣಗುತ್ತಿರುತ್ತೇವೆ. ಸೊನ್ನೆಯ ಬಿಲ್ಲನ್ನೂ ಯಾರಾದರೂ ಕಟ್ಟಲೇಬೇಕು, ಅದು ಖಜಾನೆಯ ವಿಳಾಸಕ್ಕೆ ಹೋಗುತ್ತದೆ ಅಷ್ಟೆ. ಮೂರು ಕಡೆ ಆಂಧ್ರವೇ ಸುತ್ತುವರಿದ ಪಾವಗಡದ ಕಥೆ ಇನ್ನೊಂದು ಬಗೆಯದು. ಕನಕಪುರದ ಶಾಸಕ ಡಿ.ಕೆ. ಶಿವಕುಮಾರ್ ಇಂಧನ ಸಚಿವರಾಗಿದ್ದ ಕಾಲದಲ್ಲಿ ಅಲ್ಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಗುರಿಯ ಸೌರ ಪಾರ್ಕ್ ತಲೆಯೆತ್ತಿತು. ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಬರದ ನಾಡಿನ ರೈತರಿಗೆ ಒಡೆತನವೂ ಉಳಿಯಿತು, ಆದಾಯವೂ ಬಂತು. ಜಮೀನೇ ಇಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಮಾತ್ರ ಗುತ್ತಿಗೆಯಲ್ಲಿ ಪಾಲಿಲ್ಲ. ಒಳ್ಳೆಯ ನೀತಿಯ ನಂತರವೂ ಅಂಗಳಕ್ಕೆ ಬರುವ ಅರ್ಜಿದಾರರು ಉಳಿದೇ ಇರುತ್ತಾರೆ.

ನಮ್ಮ ಬೀದಿಗೆ ನಾಲ್ಕನೆಯ ದಿನ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ಕೃತಜ್ಞತೆಯ ಪತ್ರ ಬರೆಯಲು ಕುಳಿತಾಗ ನಮ್ಮಲ್ಲಿ ವಾದ ಹುಟ್ಟಿತು. ಈ ವರ್ಷದ ಸಹಾಯಧನ ನಿಗಮಕ್ಕೆ ಸಕಾಲದಲ್ಲಿ ಸಂದಿದೆಯೇ, ಇಲ್ಲವಾದರೆ ತಾವು ಸದನದಲ್ಲಿ ಕೇಳುವಿರಾ ಎಂದು ಎರಡನೆಯ ಪ್ಯಾರಾ ಸೇರಿಸಬೇಕೆಂದು ಕೆಲವರು ಹಟ ಹಿಡಿದರು. 'ನಾವು ಬದುಕಲು ಬಂದವರಪ್ಪಾ, ಅವರ ಮನೆಯ ಲೆಕ್ಕ ನಮಗೇಕೆ?' ಎಂದರು ಹಿರಿಯರೊಬ್ಬರು. 'ಮತದಾರರ ಪಟ್ಟಿಯಲ್ಲಿ ನಮ್ಮ ಹೆಸರಿದೆ ಮಾವಾ, ತೆರಿಗೆಯೂ ಇಲ್ಲೇ ಕಟ್ಟುತ್ತೇವೆ. ಇದು ನಮ್ಮ ಮನೆಯ ಲೆಕ್ಕವೇ' ಎಂದಳು ಅವರ ಸೊಸೆ. ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಪತ್ರದ ಕೆಳಗೆ ಮೊದಲ ಸಹಿ ಅವರದೇ ಆಯಿತು.

ಶಾಸಕರು ಎರಡನೆಯ ಪ್ಯಾರಾವನ್ನು ಎರಡು ಸಲ ಓದಿದರು. ಸಹಾಯಕರ ಕೈಗೆ ಕೊಡದೆ ಮಡಿಸಿ ಜೇಬಿನಲ್ಲಿ ಇಟ್ಟುಕೊಂಡರು. ಉತ್ತರ ಇನ್ನೂ ಬಂದಿಲ್ಲ. ನದಿಯ ಆಚೆ ದಡದ ವೆಲಗಪೂಡಿಯಲ್ಲಿ ಮುಂದಿನ ಆಯವ್ಯಯ ಅಧಿವೇಶನ ಸೇರುವ ಮೊದಲು ಇನ್ನೊಂದು ಪ್ರತಿ ಒಯ್ಯುವುದೆಂದು ನಿಶ್ಚಯಿಸಿದ್ದೇವೆ. ಅದನ್ನು ಒಳ್ಳೆಯ ತೆಲುಗಿನಲ್ಲಿ ಬರೆಯುವ ಕೆಲಸವನ್ನು ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ವಹಿಸಿದ್ದೇವೆ.